ಕಂಡ ಬೃಂದಾವನವನ್ನೇ ಮತ್ತೆ ಕಾಣುವುದು

ನಂಜನಗೂಡಿನ ದೊಡ್ಡ ಜಾತ್ರೆಗೆ ವರ್ಷವರ್ಷವೂ ತಪ್ಪದೆ ಹೋಗುವ ಗೃಹಸ್ಥನನ್ನು, “ಹೋದ ವರ್ಷ ಕಂಡ ತೇರನ್ನೇ ಈ ವರ್ಷವೂ ಕಾಣಹೊರಟಿರುವಿರಲ್ಲ, ಬೇಸರವಾಗುವುದಿಲ್ಲವೆ?” ಎಂದು ಯಾರೂ ಕೇಳುವುದಿಲ್ಲ. ಗಣಪತಿ, ಶ್ರೀಕಂಠೇಶ್ವರ, ಪಾರ್ವತಿ, ಸುಬ್ರಹ್ಮಣ್ಯ, ಚಂಡಿಕೇಶ್ವರ, ಹೀಗೆ ಎಳೆಯತಕ್ಕ ರಥಗಳು ಅವೇ ಐದು, ಬೀದಿ ಅದೇ, ನೆತ್ತಿಯ ಮೇಲಣ ಬಿಸಿಲೂ ಅದೇ. ಆದರೂ ತೇರು ಕದಲಿದ ಕ್ಷಣದಲ್ಲಿ ಜನರು ಮಾಡುವ ಜಯಘೋಷದಲ್ಲಿ ಹಳತೆಂಬ ಭಾವನೆಯ ಸುಳಿವೇ ಇರುವುದಿಲ್ಲ. ಆದರೆ ಅದೇ ಗೃಹಸ್ಥನು ತನ್ನ ಪತ್ನಿಯೊಡನೆ ಕನ್ನಂಬಾಡಿಯ ಬೃಂದಾವನಕ್ಕೆ ಎರಡನೆಯ ಸಲ ಹೊರಟನೆಂದರೆ ಸಾಕು, ಬಸ್ಸಿನ ನಿಲ್ದಾಣದಲ್ಲಿ ಎದುರಾದವರೆಲ್ಲರೂ “ಮತ್ತೆ ಅಲ್ಲಿಗೇನೆ?” ಎಂದು ಹುಬ್ಬೇರಿಸುವರು.

ಈ ಪ್ರಶ್ನೆಯನ್ನು ನಾವು ದಂಪತಿಗಳು 1988ನೆಯ ಇಸವಿಯಿಂದ ಕೇಳುತ್ತ ಬಂದಿದ್ದೇವೆ. ಇದಕ್ಕೆ ಸರಿಯಾದ ಉತ್ತರವೊಂದಿರುವುದೆಂದೂ, ಅದು ನಮ್ಮಂತಹ ಇತರ ಸಂಸಾರಸ್ಥರಿಗೆ ಪ್ರಯೋಜನಕ್ಕೆ ಬಂದೀತೆಂದೂ ನನಗೆ ತೋರಿದುದರಿಂದ ಈ ನಾಲ್ಕು ಮಾತುಗಳನ್ನು ವಾಚಕರ ಮುಂದಿಡುತ್ತಿದ್ದೇನೆ.

ಮೊದಲು ನಮ್ಮ ಪರಿಚಯವನ್ನು ಹೇಳಬೇಕು. ನಮ್ಮದು ನಂಜನಗೂಡು ತಾಲ್ಲೂಕಿನ ಹುಲ್ಲಹಳ್ಳಿ. ಊರ ಬಳಿ ಕಪಿಲಾ ನದಿ. ನದಿಗೆ ಅಡ್ಡಲಾಗಿ ಹಿಂದಿನವರು ಕಟ್ಟಿದ ಅಣೆ. ಅಣೆಯಿಂದ ಹೊರಟ ನಾಲೆಯ ಕೆಳಗೆ ನಮ್ಮ ಸ್ವಲ್ಪ ಗದ್ದೆ. ನಾನು ಶಾಲೆಯಲ್ಲಿ ಉಪಾಧ್ಯಾಯನಾಗಿದ್ದು ಈಗ ನಿವೃತ್ತನಾಗಿರುವವನು. ನಮ್ಮಾಕೆಯ ತವರು ತಿರುಮಕೂಡಲು ನರಸೀಪುರದ ಕಡೆಯ ಹೊಳೆದಂಡೆಯ ಊರು. ನಮ್ಮೂರ ಅಣೆಯನ್ನು ದಾಟಿದ ಕಪಿಲೆಯು ನಂಜನಗೂಡನ್ನು ಹಾದು ನರಸೀಪುರದಲ್ಲಿ ಕಾವೇರಿಯನ್ನು ಕೂಡುವಳು. ಆ ಕಾವೇರಿಯೋ, ಅದಕ್ಕೆ ಮೊದಲೇ ಕನ್ನಂಬಾಡಿಯ ಕಟ್ಟೆಯಲ್ಲಿ ತಂಗಿ ಬಂದವಳು. “ಬೃಂದಾವನವೆಂದರೆ ನಮ್ಮೆರಡು ಮನೆಗಳಿಗೂ ನೀರಿನ ಕಡೆಯಿಂದ ನೆಂಟಸ್ತಿಕೆ” ಎಂದು ನಮ್ಮ ಮಾವನವರು ಮದುವೆಯಾದ ವರ್ಷ ಹಾಸ್ಯಮಾಡಿ ನಮ್ಮನ್ನು ಮೊದಲ ಸಲ ಅಲ್ಲಿಗೆ ಕಳುಹಿಸಿಕೊಟ್ಟರು. ಉಪಾಧ್ಯಾಯನ ಸಂಬಳದಲ್ಲಿ ಊಟಿ ಕೊಡೈಕನಾಲುಗಳು ಆಗ ದೂರವಾಗಿದ್ದವು. ಹುಲ್ಲಹಳ್ಳಿಯಿಂದ ನಂಜನಗೂಡು, ನಂಜನಗೂಡಿನಿಂದ ಮೈಸೂರು, ಮೈಸೂರಿನಿಂದ ಕಟ್ಟೆ. ಬುತ್ತಿಯ ಪುಳಿಯೋಗರೆ ಆರುವುದರೊಳಗೆ ಹೋಗಿ ಸೇರಬಹುದಾದ ಸ್ವರ್ಗ ಅದೊಂದೇ ಆಗಿತ್ತು. ಅಂದಿನಿಂದ ದಸರೆ ಕಳೆದ ಮೇಲೆ ವರ್ಷಕ್ಕೊಮ್ಮೆ ಅಲ್ಲಿಗೆ ಹೋಗುವುದು ನಮ್ಮ ಮನೆಯಲ್ಲಿ ಹಬ್ಬದಂತೆ ನಿಂತುಹೋಯಿತು.

ಆ ತೋಟದ ಚರಿತ್ರೆ ಬಹು ಜನರಿಗೆ ತಿಳಿದಿರತಕ್ಕದ್ದೇ. ಆದರೂ ಎರಡು ಮಾತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1911ರಲ್ಲಿ ಕಟ್ಟೆಯ ಕೆಲಸ ಮೊದಲಾಯಿತು. ಆಗ ಮುಖ್ಯ ಇಂಜಿನಿಯರಾಗಿದ್ದವರು ಎಂ. ವಿಶ್ವೇಶ್ವರಯ್ಯನವರು. ಸಿಮೆಂಟಿಲ್ಲದೆ, ಸುಣ್ಣಕ್ಕೆ ಇಟ್ಟಿಗೆಯ ಪುಡಿಯನ್ನು ಬೆರೆಸಿದ ಸುರ್ಕಿ ಗಾರೆಯಿಂದ ಎದ್ದು ನಿಂತ ಆ ಕಟ್ಟೆಯ ಉದ್ದ ಸುಮಾರು 8,600 ಅಡಿ. ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥಗಳ ನೀರು ಅದರ ಹಿಂದೆ ನಿಲ್ಲುವುದು. ದಿವಾನ್ ಮಿರ್ಜಾ ಇಸ್ಮಾಯಿಲರು ಆ ಕಟ್ಟೆಯ ಅಡಿಯಲ್ಲಿ ಕಾಶ್ಮೀರದ ಶಾಲಿಮಾರ್ ತೋಟದ ಮಾದರಿಯ ಉದ್ಯಾನವೊಂದನ್ನು ಮಾಡಿಸಬೇಕೆಂದು ಮನಸ್ಸು ಮಾಡಿದರು. 1927ರಲ್ಲಿ ಕೆಲಸ ಆರಂಭವಾಗಿ 1932ರಲ್ಲಿ ಮುಗಿಯಿತು. ಜರ್ಮನಿಯಿಂದ ಬಂದು ಮೈಸೂರು ಸೀಮೆಯವರೇ ಆಗಿಹೋಗಿದ್ದ ತೋಟಗಾರಿಕೆಯ ಪಂಡಿತ ಕ್ರುಂಬಿಗಲ್ ಅವರ ಕೈವಾಡ ಅದರಲ್ಲಿದ್ದಿತು. ಸುಮಾರು 60 ಎಕರೆಯ ನೆಲ, ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಹೂಪಾತಿಗಳು, ನಡುವೆ ಹರಿಯುವ ನೀರು, ಸಾಲು ಕಾರಂಜಿಗಳು, ಸಂಜೆಯಾದರೆ ಬಣ್ಣದ ದೀಪಗಳು. ಅಮೆರಿಕದ ಡಿಸ್ನಿಲ್ಯಾಂಡ್ ಬಾಗಿಲು ತೆರೆದದ್ದು 1955ರಲ್ಲಿ. ಈಗಿನವರು ಥೀಮ್ ಪಾರ್ಕ್ ಎಂದು ಕರೆಯುವ ಅನೇಕ ವಿಹಾರಸ್ಥಾನಗಳಿಗೆ ನಮ್ಮ ಬೃಂದಾವನವು ವಯಸ್ಸಿನಲ್ಲಿ ಅಕ್ಕನ ಸ್ಥಾನದಲ್ಲಿದೆ ಎನ್ನಬಹುದು.

ಮಕ್ಕಳು ಚಿಕ್ಕವರಾಗಿದ್ದ ದಿನಗಳಲ್ಲಿ ಅಲ್ಲಿ ಹೊಸತನವನ್ನು ಹುಡುಕುವ ಶ್ರಮವೇ ನಮಗಿರಲಿಲ್ಲ. ಒಂದು ವರ್ಷ ಮಗಳು ಕಾರಂಜಿಯ ತುಂತುರಿಗೆ ಹೆದರಿ ಅತ್ತಳು. ಮರುವರ್ಷ ಅದೇ ತುಂತುರಿನಿಂದ ಎಳೆದರೂ ಬರಲೊಲ್ಲಳು. ಮಕ್ಕಳು ಬೆಳೆದಂತೆ ತೋಟವೂ ಬೆಳೆಯುತ್ತಿತ್ತು. ಕಾಲಕ್ರಮದಲ್ಲಿ ಮಗಳು ಮದುವೆಯಾಗಿ ಬೆಂಗಳೂರು ಸೇರಿದಳು. ಮಗನು ಉದ್ಯೋಗಕ್ಕಾಗಿ ಪುಣೆಗೆ ಹೋದನು. 2019ರಲ್ಲಿ, ಮೂವತ್ತು ವರ್ಷಗಳ ತರುವಾಯ ಮೊದಲ ಸಲ, ನಾವಿಬ್ಬರೇ ಹೋಗಿ ಅಲ್ಲಿಯ ಕಲ್ಲುಬೆಂಚಿನ ಮೇಲೆ ಕುಳಿತೆವು. ದೀಪಗಳು ಹತ್ತಿದವು, ಸಂಗೀತದ ಕಾರಂಜಿ ಕುಣಿಯಿತು, ಜನರು ಚಪ್ಪಾಳೆ ತಟ್ಟಿದರು. ನಾವು ಆಡಿದ ಮಾತು ಒಟ್ಟು ಎರಡು: ಹಾಲಿನವನ ಲೆಕ್ಕ ಚುಕ್ತಾ ಆಯಿತೇ ಎಂಬುದೊಂದು, ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎಂಬುದು ಇನ್ನೊಂದು.

ಜಗಳವಿದ್ದುದರಿಂದ ಆದ ಮೌನವಲ್ಲ ಅದು. ಜಗಳವಾಡಿದ ದಂಪತಿಗಳಿಗೆ ಮಾತಿನ ಕೊರತೆಯಿರುವುದಿಲ್ಲವೆಂಬುದು ಅನುಭವಸ್ಥರಿಗೆ ಗೊತ್ತು. ಇದು ಬೇರೆ. ಮನೆಯೊಳಗೆ ಗಂಡಹೆಂಡಿರು ತಂದೆತಾಯಿಗಳಾಗಿ, ಅತ್ತೆಮಾವಂದಿರಾಗಿ, ದನದ ಮೇವು, ಅಡುಗೆಯ ಅನಿಲ, ನಾಲೆಯ ನೀರಿನ ಸರದಿ ಮುಂತಾದವುಗಳ ಆಡಳಿತಗಾರರಾಗಿ ಬಾಳುವರು. ಗಂಡಹೆಂಡಿರಾಗಿಯೇ ಇರಲು ದೊರಕುವುದು ಇಂತಹ ಒಂದೆರಡು ದಿನಗಳು ಮಾತ್ರ. ಆ ದಿನವೂ ಬರಿದಾಯಿತೆಂದರೆ ಮುಂದಿನ ವೃದ್ಧಾಪ್ಯವನ್ನು ಕಳೆಯುವ ಬಗೆ ಹೇಗೆ? ಹಿಂದಿರುಗುವ ಬಸ್ಸಿನಲ್ಲಿ ನಮ್ಮಾಕೆ ಕೇಳಿದಳು: “ರೀ, ಅಲ್ಲಿ ಹೊಸದು ಏನೂ ಇಲ್ಲ ಅಂತ ನಮಗೆ ಮಾತಿಲ್ಲವೋ, ನಮ್ಮಲ್ಲಿ ಮಾತಿಲ್ಲ ಅಂತ ಅಲ್ಲಿ ಹೊಸದು ಏನೂ ಕಾಣಲಿಲ್ಲವೋ?” ಉಪಾಧ್ಯಾಯನಾದ ನನಗೂ ಆ ಪ್ರಶ್ನೆಗೆ ಕೂಡಲೇ ಉತ್ತರ ಹೊಳೆಯಲಿಲ್ಲ.

ಮರುವರ್ಷ, 2020ರಲ್ಲಿ, ಸಾಂಕ್ರಾಮಿಕ ಜಾಡ್ಯದ ದೆಸೆಯಿಂದ ಲೋಕವೇ ಬಾಗಿಲಿಕ್ಕಿಕೊಂಡಿತು. ದಸರೆ ಕಳೆದರೂ ಬಸ್ಸು ಹತ್ತುವ ಧೈರ್ಯ ನಮಗಿರಲಿಲ್ಲ. ವಾಡಿಕೆ ತಪ್ಪಬಾರದೆಂದು ಬುತ್ತಿ ಕಟ್ಟಿಕೊಂಡು ನಮ್ಮೂರ ಅಣೆಯ ಬಳಿಗೇ ಹೋಗಿ ಕುಳಿತೆವು. ಹಿತ್ತಲ ಗಿಡ ಮದ್ದಲ್ಲವೆನ್ನುವರಷ್ಟೆ. ನನಗೆ ಆ ಅಣೆಯೆಂದರೆ ಗದ್ದೆಗೆ ನೀರು ಬಿಡುವ ಕಟ್ಟು. ಅದಕ್ಕಿಂತ ಹೆಚ್ಚಿನದನ್ನು ನಾನು ಅದರಲ್ಲಿ ಕಂಡವನಲ್ಲ. ನಮ್ಮಾಕೆಯಾದರೋ ದಡದ ಒಂದು ಬಂಡೆಯನ್ನು ತೋರಿಸಿ, “ಮದುವೆಯಾಗಿ ಬಂದ ವರ್ಷ ಬಟ್ಟೆ ಒಗೆಯೋದಕ್ಕೆ ಅಂತ ಬಂದು ಇದರ ಮೇಲೆ ಕೂತಿರ್ತಿದ್ದೆ. ಈ ನೀರು ನಾಳೆ ನಮ್ಮೂರ ಮುಂದೆ ಹೋಗುತ್ತೆ, ಅಮ್ಮ ಇದರಲ್ಲೇ ಕೊಡ ಅದ್ದುತ್ತಾಳೆ ಅಂತ ನೋಡ್ತಾ ಇರ್ತಿದ್ದೆ” ಎಂದಳು.

ಮೂವತ್ತೆರಡು ವರ್ಷಗಳ ಸಂಸಾರದಲ್ಲಿ ನಾನು ಕೇಳದಿದ್ದ ಮಾತು ಅದು. ಅಣೆ ಅದೇ, ನೀರು ಅದೇ, ಬಂಡೆಯೂ ಅದೇ; ಆದರೆ ಆ ಸಂಜೆಯಿಂದ ನಾನು ಅದನ್ನು ಬೇರೆ ಕಣ್ಣಿನಿಂದ ನೋಡುತ್ತಿದ್ದೇನೆ. ನಾವಿಬ್ಬರೂ ಒಂದೇ ಸ್ಥಳದಲ್ಲಿ ಕುಳಿತು ಎರಡು ಬೇರೆ ಸ್ಥಳಗಳನ್ನು ನೋಡುತ್ತಿದ್ದೆವು. ಒಬ್ಬರದನ್ನು ಇನ್ನೊಬ್ಬರು ಕೇಳಿದಾಗಲೇ ಅದು ಹೊಸತಾಗುವುದು. ಜಾತ್ರೆಯ ಗುಟ್ಟೂ ಇದೇ ಇರಬೇಕೆಂದು ನನಗೆ ಆಗ ಹೊಳೆಯಿತು. ಜಾತ್ರೆಗೆ ಹೋದವರಾರೂ ಬರಿಗಣ್ಣಿನ ಪ್ರೇಕ್ಷಕರಲ್ಲ. ಒಬ್ಬನು ಹಗ್ಗಕ್ಕೆ ಕೈಹಾಕುವನು, ಒಬ್ಬಳು ಮಗುವಿನ ಮುಡಿ ಕೊಡಿಸುವಳು, ಮತ್ತೊಬ್ಬಳು ಬಂದ ನೆಂಟರಿಗೆ ಅಡುಗೆ ಮಾಡುವಳು. ಸಂಜೆ ಮನೆಗೆ ಬಂದು ಪ್ರತಿಯೊಬ್ಬರೂ ತಾವು ಕಂಡದ್ದನ್ನು ಹೇಳಿಕೊಳ್ಳುವರು. ವಿಹಾರದಲ್ಲಿ ನಾವು ಕೆಲಸವನ್ನೆಲ್ಲ ಬಿಟ್ಟು ಕಣ್ಣೊಂದನ್ನೇ ದುಡಿಸುತ್ತೇವೆ. ಕಣ್ಣು ಬೇಗ ದಣಿಯುವ ಇಂದ್ರಿಯ.

ಇದನ್ನು ಆಧಾರವಾಗಿಟ್ಟುಕೊಂಡು ನಾವು ಕೆಲವು ಕಟ್ಟಳೆಗಳನ್ನು ಮಾಡಿಕೊಂಡೆವು. ಮೊದಲನೆಯದು ಸರದಿ. ಒಂದು ವರ್ಷ ಅವಳದು, ಮರುವರ್ಷ ನನ್ನದು. ಸರದಿ ಯಾರದೋ ಅವರು ಹೊರಡುವ ದಿನ, ಹೊತ್ತು, ದಾರಿ, ತಿಂಡಿ, ತಂಗುವ ಸ್ಥಳ ಎಲ್ಲವನ್ನೂ ಗೊತ್ತುಮಾಡುವರು. ಇನ್ನೊಬ್ಬರು ಬಾಯಿ ಬಿಡದೆ ಹಿಂದೆ ಹೋಗತಕ್ಕದ್ದು. ಎರಡನೆಯದು, ತೋಟದೊಳಗೆ ಹೊಕ್ಕ ಮೇಲೆ ಒಂದು ಗಂಟೆಯ ಕಾಲ ಇಬ್ಬರೂ ಬೇರೆ ಬೇರೆಯಾಗಿ ತಿರುಗುವುದು. ಆಮೇಲೆ ಗೊತ್ತಾದ ಬೆಂಚಿನಲ್ಲಿ ಕೂಡಿ, ಬುತ್ತಿ ಬಿಚ್ಚಿ, ಕಂಡದ್ದನ್ನು ಹೇಳುವುದು. ಈ ಒಂದು ಗಂಟೆ ಚಿತ್ರ ತೆಗೆಯುವ ದೂರವಾಣಿ ಚೀಲದಲ್ಲಿಯೇ ಇರಬೇಕು. ಚಿತ್ರವಿದ್ದರೆ ಬಾಯಿ ಕೆಲಸ ಮಾಡುವುದಿಲ್ಲ. ಮೂರನೆಯದು, ಹೋಗುವಾಗ ಒಂದು ಪ್ರಶ್ನೆಯನ್ನು ಕಟ್ಟಿಕೊಂಡು ಹೋಗುವುದು. ನಾಲ್ಕನೆಯದು, ಪ್ರತಿ ಸಲವೂ ಯಾವುದಾದರೊಂದನ್ನು ಬೇಕೆಂದೇ ನೋಡದೆ ಉಳಿಸಿ ಬರುವುದು. ಎಲೆಯ ಕೊನೆಯಲ್ಲಿ ಸ್ವಲ್ಪ ಹಸಿವನ್ನು ಉಳಿಸಿಕೊಂಡು ಏಳಬೇಕೆಂದು ಹಿರಿಯರು ಹೇಳುತ್ತಿದ್ದುದು ಊಟಕ್ಕೆ ಮಾತ್ರವಲ್ಲ.

2021ರ ಮೊದಲ ಸರದಿ ನಮ್ಮಾಕೆಯದು. ನಾವು ಅದುವರೆಗೆ ಬೃಂದಾವನವನ್ನು ಕಂಡದ್ದೆಲ್ಲ ದೀಪದಲ್ಲಿ. ಅವಳು ಹಿಂದಿನ ದಿನವೇ ಹೊರಡಿಸಿ, ಮೈಸೂರಿನಲ್ಲಿ ತಂಗಿಸಿ, ಬೆಳಗಿನಲ್ಲಿಯೇ ಕರೆದೊಯ್ದಳು. ಸಂಜೆಯ ತೋಟ ಜನಜಂಗುಳಿಯದು. ಬೆಳಗಿನ ತೋಟ ಮಾಲಿಗಳದು. ಕತ್ತರಿ ಹಿಡಿದು ಗಿಡಗಳ ತಲೆ ಸಮಮಾಡುವವರು, ಬಾಡಿದ ಚೆಂಡುಹೂವನ್ನು ಕಿತ್ತು ಗುಡ್ಡೆಹಾಕುವ ಹೆಂಗಸರು, ಕಾಲುವೆಯ ಪಾಚಿ ಬಳಿಯುವವರು. ನಾನು ನನ್ನ ಒಂದು ಗಂಟೆಯಲ್ಲಿ ಮೆಟ್ಟಿಲುಗಳನ್ನು ಎಣಿಸಿ ಬಂದರೆ, ಅವಳು ಒಬ್ಬ ಮಾಲಿಯ ಹೆಂಗಸಿನೊಡನೆ ಕುಳಿತು, ಯಾವ ಗಿಡಕ್ಕೆ ಯಾವ ತಿಂಗಳು ಗೊಬ್ಬರವೆಂಬುದನ್ನೂ, ಆಕೆಯ ಮಗಳ ಬಾಣಂತನದ ಸಂಗತಿಯನ್ನೂ ಕೇಳಿಕೊಂಡು ಬಂದಿದ್ದಳು. ಆ ದಿನ ಅವಳ ವರದಿಯ ಮುಂದೆ ನನ್ನ ಲೆಕ್ಕ ಸಪ್ಪೆಯಾಯಿತು.

2022 ನನ್ನ ಸರದಿ. ನಾನು ಕಟ್ಟಿಕೊಂಡು ಹೋದ ಪ್ರಶ್ನೆ, ಕಟ್ಟೆಗೆ ಹೆಸರು ಕೊಟ್ಟ ಕನ್ನಂಬಾಡಿ ಎಂಬ ಊರು ಏನಾಯಿತು ಎಂಬುದು. ಅದು ನೀರಿನ ಅಡಿಯಲ್ಲಿದೆ. ಅಲ್ಲಿಯ ವೇಣುಗೋಪಾಲಸ್ವಾಮಿಯ ಹೊಯ್ಸಳರ ಕಾಲದ ಗುಡಿಯೂ ಮುಳುಗಿ, ನೀರು ಬಹಳ ಇಳಿದ ವರ್ಷಗಳಲ್ಲಿ ಮಾತ್ರ ತಲೆಯೆತ್ತುತ್ತಿದ್ದಿತು. ಈಚೆಗೆ ಅದರ ಕಲ್ಲುಗಳನ್ನು ತಂದು ಹಿನ್ನೀರಿನ ದಡದ ಹೊಸ ಕನ್ನಂಬಾಡಿಯಲ್ಲಿ ಮತ್ತೆ ಜೋಡಿಸಿ ನಿಲ್ಲಿಸಿದ್ದಾರೆ. ನಾವು ತೋಟಕ್ಕೆ ಹೋಗುವ ಮುನ್ನ ಅಲ್ಲಿಗೆ ಹೋದೆವು. ಮೂರು ದಶಕಗಳ ಕಾಲ ಕಟ್ಟೆಯ ಮುಂದಣ ಹೂವನ್ನಷ್ಟೇ ನೋಡಿದ್ದ ನಮಗೆ ಅದರ ಹಿಂದಣ ನೀರು ಕಂಡದ್ದು ಅಂದೇ. ನಮ್ಮಾಕೆ ಬಹಳ ಹೊತ್ತು ನೀರನ್ನು ನೋಡುತ್ತ ನಿಂತಿದ್ದು, “ಹೊರಡೋ ದಿನ ಆ ಊರಿನ ಹೆಂಗಸರು ಒಲೆ ಸಾರಿಸಿ ಬಂದರೋ, ಹಾಗೇ ಬಿಟ್ಟು ಬಂದರೋ” ಎಂದಳು. ಇಂಜಿನಿಯರುಗಳ ವರದಿಯಲ್ಲಿ ದೊರಕುವ ಸಂಗತಿ ಅದಲ್ಲ. ಆದರೆ ಆ ಸಂಜೆ ದೀಪಗಳ ಕೆಳಗೆ ಕುಳಿತಾಗ ನಾವಿಬ್ಬರೂ ಅದನ್ನೇ ಕುರಿತು ಮಾತನಾಡಿದೆವು.

2023ರಲ್ಲಿ ಮಳೆ ಕೈಕೊಟ್ಟಿತು. ನಮ್ಮ ಕಡೆಯ ಮನೆಗಳಲ್ಲಿ ಬೆಳಗಿನ ಪತ್ರಿಕೆ ಬಿಚ್ಚಿದೊಡನೆ ಮೊದಲು ನೋಡುವುದು ಕಟ್ಟೆಯ ನೀರಿನ ಮಟ್ಟವನ್ನು; ತುಂಬಿದರೆ 124.80 ಅಡಿ. ಆ ವರ್ಷ ಅದು ತುಂಬಲೇ ಇಲ್ಲ. “ಈ ಸಲ ಹೋಗಿ ಏನು ನೋಡುವಿರಿ?” ಎಂದರು ಎಲ್ಲರೂ. ಸರದಿ ಅವಳದಾಗಿತ್ತು. “ನೆಂಟರ ಮನೆಗೆ ಸುಗ್ಗಿಯಲ್ಲಿ ಮಾತ್ರ ಹೋಗೋದಾ?” ಎಂದು ಕೇಳಿ, ಹೊರಡಿಸಿಯೇ ಬಿಟ್ಟಳು. ಹಿನ್ನೀರಿನ ಅಂಚಿನಲ್ಲಿ ಬಿರಿದ ಕೆಸರನ್ನು ನೋಡಿ ಬಂದ ಮೇಲೆ ತೋಟದ ಒಂದೊಂದು ಹನಿ ನೀರಿಗೂ ಬೆಲೆ ಬಂದಂತೆ ತೋರಿತು. ಸಮೃದ್ಧಿಯ ಮೂವತ್ತು ಸಂಜೆಗಳಲ್ಲಿ ನಾನು ಕಾರಂಜಿಯನ್ನು ಅಷ್ಟು ಗಮನದಿಂದ ನೋಡಿದವನಲ್ಲ. 2024ರ ನನ್ನ ಸರದಿಯಲ್ಲಿ ಅದೇ ಕಾರಂಜಿಯನ್ನು ನೋಡದೆ ಉಳಿಸಿ ಬಂದೆವು. ಸಂಗೀತ ಮೊದಲಾಗುವ ಹೊತ್ತಿಗೆ ಬಸ್ಸಿನಲ್ಲಿದ್ದೆವು. ಅದನ್ನು ಬಿಟ್ಟು ಬಂದ ಕೊರಗು ವರ್ಷವೆಲ್ಲ ನಮ್ಮನ್ನು ಮುಂದಿನ ಸಲಕ್ಕೆ ಕರೆಯುತ್ತಿತ್ತು.

ಹೊಸ ಸ್ಥಳಗಳನ್ನು ನೋಡಬಾರದೆಂದು ನಾನು ಹೇಳುತ್ತಿಲ್ಲ. ಮಗಳು ಒಮ್ಮೆ ನಮ್ಮನ್ನು ಬಿಡದಿಯ ವಂಡರ್‌ಲಾಕ್ಕೆ ಕರೆದೊಯ್ದಿದ್ದಳು. 2005ರಲ್ಲಿ ತೆರೆದ ಆ ವಿಹಾರಸ್ಥಾನದಲ್ಲಿ ಮೊಮ್ಮಗನು ಗಿರಕಿ ಹೊಡೆಯುವ ಯಂತ್ರಗಳನ್ನೆಲ್ಲ ಹತ್ತಿಳಿದು ಸಂತೋಷಪಟ್ಟನು. ಅವನ ಸಂತೋಷವನ್ನು ಕಂಡು ನಾವೂ ಸಂತೋಷಪಟ್ಟೆವು. ಬೃಂದಾವನವನ್ನೇ ಇನ್ನೂ ದೊಡ್ಡ ವಿಹಾರಸ್ಥಾನವಾಗಿ ಬೆಳೆಸುವ ಯೋಜನೆಗೆ 2024ರಲ್ಲಿ ಸರ್ಕಾರವು ಒಪ್ಪಿಗೆಯಿತ್ತಿರುವುದು ವಾಚಕರಿಗೆ ತಿಳಿದಿರಬಹುದು. ಯಂತ್ರಗಳು ಬಂದರೆ ನೋಡೋಣ. ಆದರೆ ಯಂತ್ರದ ಹೊಸತನವು ಎರಡನೆಯ ಸಲಕ್ಕೆ ಅರ್ಧವಾಗುವುದು, ಮೂರನೆಯ ಸಲಕ್ಕೆ ಕಾಲಾಗುವುದು. ಡಿಸ್ನಿಲ್ಯಾಂಡಿಗೆ ವರ್ಷವರ್ಷವೂ ಹೋಗುವ ದಂಪತಿಗಳು ಅಮೆರಿಕದಲ್ಲಿ ಅನೇಕರಿರುವರು. ಅವರನ್ನು ಕೇಳಿದರೆ ಅವರೂ ಯಂತ್ರದ ಮಾತನ್ನು ಬಿಟ್ಟು ಜೊತೆಗಿದ್ದವರ ಮಾತನ್ನೇ ಹೇಳಿಯಾರೆಂದು ನನ್ನ ಊಹೆ.

ಇನ್ನು 2025ರ ಮಾತು. ಆ ವರ್ಷ ಜೂನ್ ತಿಂಗಳು ಮುಗಿಯುವುದರೊಳಗೇ ಕಟ್ಟೆ ತುಂಬಿತು. ಅಷ್ಟು ಬೇಗ ತುಂಬಿದ್ದನ್ನು ನಮ್ಮ ಕಾಲದಲ್ಲಿ ನಾವು ಕಂಡಿರಲಿಲ್ಲ. ಕಟ್ಟೆ ತುಂಬಿದ ವರ್ಷವೇ ನಮ್ಮಾಕೆಯ ಮೊಣಕಾಲು ಸೋತಿತು. ಸಮನೆಲದಲ್ಲಿ ನಡೆಯಬಲ್ಲಳು; ಮೆಟ್ಟಿಲೆಂದರೆ ಆಗದು. ಬೃಂದಾವನವೋ ಮೆಟ್ಟಿಲುಗಳಿಂದಲೇ ಆದ ತೋಟ. ಇನ್ನು ಈ ವಾಡಿಕೆ ನಿಂತಿತೆಂದು ನಾನು ಮನಸ್ಸಿನಲ್ಲಿಯೇ ಅಂದುಕೊಂಡಿದ್ದೆ, ಬಾಯಿಬಿಟ್ಟು ಹೇಳಲಿಲ್ಲ. ಸರದಿ ಅವಳದು. ಅವಳು ತೋಟದೊಳಗೆ ಹೊಕ್ಕ ಕಡೆಯಲ್ಲಿಯೇ ಸಿಕ್ಕಿದ ಒಂದು ಬೆಂಚಿನ ಮೇಲೆ ಕುಳಿತು, ಎಲೆಯಡಿಕೆ ಬಿಚ್ಚಿಟ್ಟುಕೊಂಡು, “ಈ ವರ್ಷ ನನ್ನ ತೋಟ ಇಷ್ಟೇ. ಮಿಕ್ಕಿದ್ದನ್ನೆಲ್ಲ ನೀವು ನೋಡಿಕೊಂಡು ಬನ್ನಿ” ಎಂದಳು.

ನಾನು ಗಂಟೆಯ ಬದಲು ಎರಡು ಗಂಟೆ ಸುತ್ತಿದೆ. ಕಾವೇರಿಯ ವಿಗ್ರಹದ ಮುಂದೆ ನಿಂತೆ. ಹಿಂದಿನ ವರ್ಷ ಉಳಿಸಿದ್ದ ಕಾರಂಜಿಯನ್ನು ಅವಳ ಪಾಲಿಗೂ ಸೇರಿಸಿ ನೋಡಿದೆ. ಅವಳಿಗೆ ಹೇಳಬೇಕಾದುದರಿಂದ, ನೀಲಿ ದೀಪದ ಪಕ್ಕದಲ್ಲಿ ಯಾವ ಬಣ್ಣ, ನೀರು ಯಾವ ತಾಳಕ್ಕೆ ಏಳುವುದು, ಮಕ್ಕಳು ಎಲ್ಲಿ ಕೇಕೆ ಹಾಕುವರು ಎಂಬುದನ್ನೆಲ್ಲ ನೆನಪಿಟ್ಟುಕೊಂಡೆ. ಬಂದು ಹೇಳಿ ಮುಗಿಸಿದ ಮೇಲೆ ಅವಳ ವರದಿ ಮೊದಲಾಯಿತು. ಒಂದೇ ಬೆಂಚಿನಿಂದ ಅವಳು ಕಂಡದ್ದು: ಹೊಸದಾಗಿ ಮದುವೆಯಾದ ಜೋಡಿಗಳು ಏಳು, ಅವುಗಳಲ್ಲಿ ಮಾತನಾಡುತ್ತ ಬಂದವು ಮೂರು, ಚಿತ್ರ ತೆಗೆದುಕೊಳ್ಳುತ್ತ ಬಂದವು ನಾಲ್ಕು. ತಾಯಿಯ ಸೆರಗು ಬಿಟ್ಟು ಹೋಗಿ ಮತ್ತೆ ಹಿಡಿದ ಮಗು ಒಂದು. ತಮ್ಮ ಯಜಮಾನರು ಸಿನಿಮಾ ಚಿತ್ರೀಕರಣದ ಕಾಲದಲ್ಲಿ ಇದೇ ತೋಟದಲ್ಲಿ ದೀಪ ಹೊತ್ತಿದ್ದರೆಂದು ಹೇಳಿ ಹೋದ ವೃದ್ಧೆ ಒಬ್ಬರು. ಆ ವೃದ್ಧೆ ಒಬ್ಬರೇ ಬಂದಿದ್ದರಂತೆ.

ಅದನ್ನು ಹೇಳಿ ನಮ್ಮಾಕೆ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, “ಒಂದಲ್ಲ ಒಂದು ವರ್ಷ ನಮ್ಮಲ್ಲೂ ಒಬ್ಬರೇ ಬರಬೇಕಾಗುತ್ತೆ ರೀ” ಎಂದಳು.

“ಹಾಗೆಲ್ಲ ಯಾಕೆ ಹೇಳ್ತೀಯೆ?” ಎಂದೆ.

“ಹೆದರಿಸೋದಕ್ಕೆ ಹೇಳ್ತಿಲ್ಲ. ಬಂದವರು ಚೆನ್ನಾಗಿ ನೋಡಿಕೊಂಡು ಹೋಗಬೇಕು, ಅಷ್ಟೇ. ಇಷ್ಟು ವರ್ಷ ಅಭ್ಯಾಸ ಮಾಡಿದ್ದೀವಲ್ಲ.”

ಆ ಮಾತಿಗೆ ನಾನು ಉತ್ತರ ಹೇಳಲಿಲ್ಲ. ಬುತ್ತಿಯಲ್ಲಿ ಉಳಿದಿದ್ದ ರಸಬಾಳೆಯ ಹಣ್ಣನ್ನು ಸುಲಿದು ಅರ್ಧ ಅವಳಿಗೆ ಕೊಟ್ಟೆ. 2019ರ ಮೌನಕ್ಕೂ ಈ ಮೌನಕ್ಕೂ ಎಷ್ಟು ಅಂತರವೆಂಬುದನ್ನು ವಾಚಕರು ತಾವೇ ತಿಳಿಯಬಲ್ಲರು.

ಆದುದರಿಂದ, ಪ್ರತಿವರ್ಷವೂ ಅದೇ ಸ್ಥಳಕ್ಕೆ ಹೋಗುವ ದಂಪತಿಗಳಿಗೆ ನನ್ನ ವಿಜ್ಞಾಪನೆ ಇಷ್ಟು. ಬೇಸರ ಬಂದಿತೆಂದು ಕೂಡಲೇ ದೂರದೂರಿಗೆ ಚೀಟಿ ಕೊಳ್ಳಬೇಡಿರಿ. ಬೇಸರವು ನಿಮ್ಮ ಪೆಟ್ಟಿಗೆಯೊಳಗೇ ಕುಳಿತು ಅಲ್ಲಿಗೂ ಬರಬಹುದು. ಮೊದಲು ಹೊತ್ತನ್ನು ಬದಲಾಯಿಸಿ ನೋಡಿರಿ, ಮುಂದಾಳನ್ನು ಬದಲಾಯಿಸಿರಿ, ಬರಗಾಲದ ವರ್ಷದಲ್ಲಿಯೂ ಹೋಗಿರಿ, ಒಂದಿಷ್ಟು ಹೊತ್ತು ಅಗಲಿದ್ದು ಆಮೇಲೆ ಕೂಡಿರಿ. ಎಲ್ಲಕ್ಕಿಂತ ಮಿಗಿಲಾಗಿ, ನೀವು ಕಂಡದ್ದನ್ನು ಹೇಳಿರಿ, ಅವರು ಕಂಡದ್ದನ್ನು ಕೇಳಿರಿ. ಇದಕ್ಕೆ ಹಣ ಬೇಕಿಲ್ಲ.

ಈ ವರ್ಷದ ಸರದಿ ನನ್ನದು. ಮೆಟ್ಟಿಲಿಲ್ಲದ ದಾರಿಯೊಂದನ್ನು ಈಗಾಗಲೇ ಗೊತ್ತುಮಾಡಿಕೊಂಡಿದ್ದೇನೆ. ಯಾವ ಹೊತ್ತಿಗೆ, ಯಾವ ಕಡೆಯಿಂದ, ಯಾವ ಪ್ರಶ್ನೆಯನ್ನು ಕಟ್ಟಿಕೊಂಡು ಎಂಬುದೂ ನಿಶ್ಚಯವಾಗಿದೆ. ಆದರೆ ಈ ಪತ್ರಿಕೆ ನಮ್ಮ ಮನೆಗೂ ಬರುವುದರಿಂದ ಅದನ್ನು ಇಲ್ಲಿ ಬರೆಯುವಂತಿಲ್ಲ, ವಾಚಕರು ಕ್ಷಮಿಸಬೇಕು.